ರಾತ್ರಿಯ ಮಾತ್ರೆ, ಬೆಳಗಿನ ಕ್ಯಾಲ್ಸಿಯಂ

ನಾನು ಮುಂಬೈನ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಊರು ಕುಂದಾಪುರದ ಹತ್ತಿರ. ಹದಿನಾಲ್ಕು ವರ್ಷದಿಂದ ಎಚ್‌ಐವಿ ಇದೆ. ಈಗ ದಿನಕ್ಕೆ ಒಂದೇ ಮಾತ್ರೆ, ಟಿಎಲ್‌ಡಿ, ಅಂದರೆ ಮೂರು ಎಚ್‌ಐವಿ ಔಷಧ ಸೇರಿದ್ದು. ಕಾವಲಿ ಆರಿದ ಮೇಲೆ, ರಾತ್ರಿ ಹನ್ನೊಂದಕ್ಕೆ ನುಂಗುತ್ತೇನೆ.

ಹೋದ ವರ್ಷ ಮಂಡಿನೋವು ಶುರುವಾಯಿತು. ದಿನವಿಡೀ ನಿಂತೇ ಕೆಲಸ ಅಲ್ವಾ. ಮೆಡಿಕಲ್‌ನವರು ಕ್ಯಾಲ್ಸಿಯಂ ಡಬ್ಬ ಕೊಟ್ಟರು. ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಲಿಲ್ಲ. ಪಕ್ಕದಲ್ಲಿ ಊರಿನವರು ನಿಂತಿದ್ದರು, ನಾನೂ ಬಾಯಿ ಬಿಡಲಿಲ್ಲ. ಎರಡು ತಿಂಗಳು ಎರಡನ್ನೂ ಒಟ್ಟಿಗೆ, ಖಾಲಿ ಹೊಟ್ಟೆಯಲ್ಲಿ ನುಂಗಿದೆ. ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಸೆಂಟರಿನ ಕೌನ್ಸೆಲರ್ ಮೇಡಂ ಚೀಲ ತೆರೆಸಿದಾಗಲೇ ತಪ್ಪು ಗೊತ್ತಾಗಿದ್ದು. ಪುಣ್ಯಕ್ಕೆ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಏರಿರಲಿಲ್ಲ.

ಟಿಎಲ್‌ಡಿಯಲ್ಲಿ ಡೊಲುಟೆಗ್ರಾವಿರ್ ಇದೆ. ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ ಹೊಟ್ಟೆಯೊಳಗೆ ಇದಕ್ಕೆ ಅಂಟಿಕೊಳ್ಳುತ್ತವೆ. ಆಗ ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮಲ್ಟಿವಿಟಮಿನ್‌ನಲ್ಲೂ ಇವು ಇರುತ್ತವೆ, ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ.

ಟಿಎಲ್‌ಡಿ ಮೊದಲು ನುಂಗಿದರೆ 2 ಗಂಟೆ ಬಿಟ್ಟು ಇವನ್ನು ತಗೊಳ್ಳಿ. ಇವನ್ನು ಮೊದಲು ತಗೊಂಡರೆ ಟಿಎಲ್‌ಡಿಗೆ 6 ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣವನ್ನು ಊಟದ ಜೊತೆ ಟಿಎಲ್‌ಡಿಯೊಂದಿಗೇ ತಗೊಳ್ಳಬಹುದು. ಆದರೆ ಅದು ನಿಜವಾದ ಊಟ ಆಗಿರಬೇಕು, ಚಾ-ಬಿಸ್ಕತ್ತು ಅಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೆ ಈ ರಿಯಾಯಿತಿ ಇಲ್ಲ, ಗಂಟೆ ಲೆಕ್ಕ ಪಾಲಿಸಲೇಬೇಕು. ನಾನು ಈಗ ಕ್ಯಾಲ್ಸಿಯಂ ಅನ್ನು ಬೆಳಿಗ್ಗೆ ಎಂಟಕ್ಕೆ, ಇಡ್ಲಿ ತಿಂದ ಮೇಲೆ ತಗೊಳ್ತೇನೆ.

ಟಿಬಿ ಬಾರದಿರಲಿ ಅಂತ ಐಸೋನಿಯಜಿಡ್ ಕೊಟ್ಟಿದ್ದರೆ ಜೊತೆಗೆ ಬಿ6 ವಿಟಮಿನ್ ಇರುತ್ತದೆ. ಅದನ್ನು ಬಿಡಬೇಡಿ, ಕೈಕಾಲು ಜೋಮು ಹಿಡಿಯದಂತೆ ಕಾಯುವುದು ಅದೇ.

ಇನ್ನು ‘ಇಮ್ಯುನಿಟಿ’ ಡಬ್ಬಗಳು. ಟಾಂಜಾನಿಯಾದಲ್ಲಿ ಎಆರ್‌ಟಿ ಸಿಗದ ಹೆಂಗಸರಿಗೆ ಬಿ, ಸಿ, ಇ ವಿಟಮಿನ್ ಕೊಟ್ಟಾಗ ಕಾಯಿಲೆ ನಿಧಾನವಾಯಿತು ಅಂತ 2004ರಲ್ಲಿ ವರದಿ ಬಂತು. ಆದರೆ ಎಆರ್‌ಟಿ ಶುರು ಮಾಡಿದವರಿಗೆ ಜಾಸ್ತಿ ಡೋಸ್ ಕೊಟ್ಟು ನೋಡಿದ 2012ರ ವರದಿಯಲ್ಲಿ ಲಾಭ ಕಾಣಲಿಲ್ಲ, ಲಿವರಿಗೆ ತೊಂದರೆಯಾದರೆ ರಕ್ತದಲ್ಲಿ ಏರುವ ಎಎಲ್‌ಟಿ ಏರಿತ್ತು. ನಮ್ಮ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣ) ಏರಿಸುವುದು ಎಆರ್‌ಟಿ. ಸುಮ್ನೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಮೊಟ್ಟೆ, ಹೆಸರುಕಾಳು, ಬೂತಾಯಿ ಮೀನು ಬರುತ್ತದೆ.

ಮುಂದಿನ ಸಲ ಸೆಂಟರಿಗೆ ಹೋಗುವಾಗ ಮನೆಯ ಎಲ್ಲ ಡಬ್ಬ ಒಯ್ಯಿರಿ, ಊರಿಂದ ಬಂದ ಕಷಾಯದ ಪುಡಿಯನ್ನೂ. ಮೆಡಿಕಲ್‌ನಲ್ಲಿ ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿ ತೋರಿಸಿ. ನನ್ನ ಪರ್ಸಿನಲ್ಲಿ ಒಂದಿದೆ, ‘ಡೊಲುಟೆಗ್ರಾವಿರ್ ತಗೊಳ್ತಿದ್ದೇನೆ’ ಅಂತ ಅಷ್ಟೇ ಬರೆದಿದ್ದೇನೆ.