ಪರದೆ ನೋಡಿ ತಪ್ಪು ವಿಳಾಸ ಹಿಡಿಯುವುದು: ನನ್ನ ಅನುಭವ

ಎನ್‌ಇಎಸ್‌ಗೆ (ನಿಂಟೆಂಡೋದ ಹಳೆಯ ಗೇಮ್ ಮೆಷಿನ್) ಅಸೆಂಬ್ಲಿಯಲ್ಲಿ (ಪ್ರೊಸೆಸರ್‌ಗೆ ನೇರವಾಗಿ ಆದೇಶ ಕೊಡುವ ಭಾಷೆ) ಗೇಮ್ ಬರೆಯುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಗೇಮ್ ಕೆಟ್ಟ ಕೂಡಲೇ ಕೋಡ್ ಓದಲು ಕೂರಬೇಡಿ, ಮೊದಲು ಪರದೆ ನೋಡಿ. ಮೆಮೊರಿ ವಿಳಾಸ, ಅಂದರೆ ಮೆಮೊರಿಯ ಒಂದೊಂದು ಜಾಗದ ನಂಬರು, ತಪ್ಪಿದಾಗ ಪರದೆ ಹೇಗೆ ಹೇಗೋ ಕೆಡುವುದಿಲ್ಲ, ಯಾವ ತಪ್ಪೋ ಅದರ ಗುರುತು ಅಲ್ಲೇ ಬಿದ್ದಿರುತ್ತದೆ.

ಉಡುಪಿಯ ಗೆಳೆಯನೊಬ್ಬ ಕಂಬಳದ ಗೇಮ್ ಬರೆಯುತ್ತಿದ್ದಾನೆ. ಜೋಡುಕರೆ (ಅಕ್ಕಪಕ್ಕದ ಎರಡು ಕೆಸರಿನ ಓಟದ ಹಾದಿ, ಒಂದೊಂದೂ ಒಂದು ಕರೆ), ಎರಡು ಜೋಡಿ ಕೋಣ, ಓಡಿಸುವವರು, ಕೊನೆಗೆ ಮಂಜೊಟ್ಟಿ (ಓಟ ಮುಗಿಯುವ ಜಾಗ). ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ಡಬ್ಬಿಗಳು ಉಂಟಲ್ಲ, ಅವು ಹೆಚ್ಚಾಗಿ ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಅದೇ ಮೆಷಿನ್ ಹೊರದೇಶಗಳಲ್ಲಿ ಎನ್‌ಇಎಸ್ ಆಯಿತು. ಒಳಗಿರುವುದು 6502 ಜಾತಿಯ ಪ್ರೊಸೆಸರ್, ಜೊತೆಗೆ ಬರೀ 2 ಕೆಬಿ ರ‍್ಯಾಮ್. ಅಷ್ಟರಲ್ಲಿ ನಮ್ಮೂರಿನ ಕಂಬಳ ಓಡಬೇಕು ಅನ್ನುವುದು ನನಗೆ ತುಂಬ ಇಷ್ಟವಾಯಿತು. "ಎಲ್ಲ ಕಲಸಿ ಹೋಗಿದೆ ಮಾರಾಯ, ಒಮ್ಮೆ ನೋಡು" ಎಂದು ಅವನು ಕೋಡ್ ಕಳಿಸಿದ. ಮಂಗಳೂರಿನಲ್ಲಿ ನನ್ನ ಮನೆಯಲ್ಲಿ ಕೂತು ಮೆಸೆನ್ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ಆ ಮೆಷಿನ್‌ನಂತೆ ವರ್ತಿಸುವ ಪ್ರೋಗ್ರಾಂ) ಓಡಿಸಿದೆ.

ಮೊದಲ ಪರದೆಯಲ್ಲೇ ಗುರುತು ಸಿಕ್ಕಿತು. ಮೇಲಿನ 8 ಸಾಲು ಸರಿ ಇತ್ತು. ಕೆಳಗೆ ಅದೇ 8 ಸಾಲು ಮತ್ತೆ, ಮತ್ತೆ. ಬಣ್ಣವೂ ಅಡ್ಡಾದಿಡ್ಡಿ. ಒಂದು ಸಾಲಿಗೆ 32 ಟೈಲ್ (ಪರದೆಯ ಚಿತ್ರ ಕೂಡಿಸುವ ಸಣ್ಣ ಚೌಕ), 8 ಸಾಲಿಗೆ 256. ಈ 256 ಕಂಡರೆ 6502ರಲ್ಲಿ ಕೆಲಸ ಮಾಡಿದವರಿಗೆ ಅರ್ಧ ಉತ್ತರ ಸಿಕ್ಕಂತೆ. ಝೀರೋ ಪೇಜ್‌ನಲ್ಲಿ (ಮೆಮೊರಿಯ ಮೊದಲ 256 ಬೈಟ್) ಪಾಯಿಂಟರ್ (ಡೇಟಾ ಎಲ್ಲಿದೆ ಎಂದು ಹೇಳುವ ಎರಡು ಬೈಟ್‌ನ ವಿಳಾಸ) ಇಟ್ಟು ವೈ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಸಣ್ಣ ಜಾಗ) ಕೂಡಿಸಿ ಓದುವಾಗ, ವೈ 8 ಬಿಟ್‌ನದ್ದು, 255 ಆದ ಮೇಲೆ ಮತ್ತೆ 0. ಪಾಯಿಂಟರ್‌ನ ಮೇಲಿನ ಬೈಟ್ ತಾನಾಗಿ ಹೆಚ್ಚುವುದಿಲ್ಲ, ನಾವೇ ಹೆಚ್ಚಿಸಬೇಕು. ಇಲ್ಲದಿದ್ದರೆ ಅದೇ 256 ಬೈಟ್ ಸುತ್ತಿ ಸುತ್ತಿ ಬರುತ್ತದೆ. ಒಂದು ಪರದೆಗೆ 960 ಟೈಲ್, 64 ಬೈಟ್ ಬಣ್ಣದ ಮಾಹಿತಿ, ಒಟ್ಟು 1024, ಅಂದರೆ ಸರಿಯಾಗಿ 256 ಬೈಟ್‌ನ 4 ಪುಟ. ಕೊನೆಯ 64 ಬೈಟ್‌ನ ಜಾಗಕ್ಕೂ ಟೈಲ್ ನಂಬರುಗಳೇ ಹೋಗಿ ಬಿದ್ದದ್ದರಿಂದ ಬಣ್ಣ ಕೆಟ್ಟದ್ದು. ವೈ 0ಗೆ ಬಂದಾಗಲೆಲ್ಲ ಮೇಲಿನ ಬೈಟ್‌ಗೆ ಒಂದು ಐಎನ್‌ಸಿ (1 ಕೂಡಿಸುವ ಆದೇಶ) ಹಾಕಿದೆ, ಪರದೆ ಸರಿಯಾಯಿತು.

ಇನ್ನೊಂದು ಸಣ್ಣದು. ಕೋಣದ ವೇಗ ಒಂದೊಂದು ಸಲ ಒಂದೊಂದು ಥರ. ಎಲ್‌ಡಿಎ ಅಂದರೆ ಎ ರಿಜಿಸ್ಟರ್‌ಗೆ ಬೆಲೆ ತುಂಬುವ ಆದೇಶ. ಎಲ್‌ಡಿಎ #3 ಇರಬೇಕಾದಲ್ಲಿ ಎಲ್‌ಡಿಎ 3 ಇತ್ತು. ಮೊದಲನೆಯದು 3 ಎಂಬ ಸಂಖ್ಯೆ, ಎರಡನೆಯದು 3ನೇ ವಿಳಾಸದಲ್ಲಿ ಏನಿದೆಯೋ ಅದು. ಎರಡೂ ಸರಿಯಾದ ಕೋಡೇ ಆದ್ದರಿಂದ ಅಸೆಂಬ್ಲರ್ (ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ತುಟಿ ಬಿಚ್ಚುವುದಿಲ್ಲ.

ನಿಜವಾಗಿ ಸತಾಯಿಸಿದ್ದು ಮೂರನೆಯದು. ಕರೆ ಮುಂದೆ ಸರಿಯುತ್ತಿದ್ದಂತೆ ಬಲಗಡೆ ಹೊಸ ಕಾಲಮ್ ಬರುತ್ತದಲ್ವಾ, ಅಪರೂಪಕ್ಕೆ ಒಂದು ಕಾಲಮ್‌ನಲ್ಲಿ ನಡುವಿನಿಂದ ಮುಂದೆಲ್ಲ ಕಸ. ನೀರು ಕಾಣಬೇಕಾದಲ್ಲಿ ಅಕ್ಷರ, ಕೋಣದ ಕಾಲು, ಏನೇನೋ. ಮುಂದಿನ ಕಾಲಮ್ ಮತ್ತೆ ಸರಿ. ಡೇಟಾ ಟೇಬಲ್ಲೇ ತಪ್ಪಾಗಿದ್ದರೆ ಪ್ರತಿ ಸಲ ಅದೇ ಜಾಗದಲ್ಲಿ ಕಸ ಬರಬೇಕಿತ್ತು. ಇಲ್ಲಿ ಜಾಗ ಬದಲಾಗುತ್ತಿತ್ತು. ಹಾಗಾದರೆ ಇದು ಸಮಯದ ವಿಷಯ, ಇಂಟರಪ್ಟ್ (ನಡೆಯುವ ಕೋಡನ್ನು ನಡುವೆ ನಿಲ್ಲಿಸಿ ಬೇರೆ ಕೋಡ್ ಓಡಿಸುವುದು) ಮೇಲೆ ಅನುಮಾನ ಪಡಬೇಕು. ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ ಟಿವಿ ಪದ್ಧತಿ) ಮೆಷಿನ್‌ನಲ್ಲಿ ಸೆಕೆಂಡಿಗೆ ಸುಮಾರು 60 ಸಲ ಎನ್‌ಎಂಐ ಎಂಬ ಇಂಟರಪ್ಟ್ ಬಂದು ನಡೆಯುತ್ತಿರುವ ಕೆಲಸವನ್ನು ಎಲ್ಲೆಂದರಲ್ಲಿ ನಿಲ್ಲಿಸುತ್ತದೆ.

ಕಾಲಮ್ ಕಟ್ಟುವ ಕೋಡ್ ತನ್ನ ಪಾಯಿಂಟರನ್ನು ಝೀರೋ ಪೇಜ್‌ನ $00 ಮತ್ತು $01ರಲ್ಲಿ ($ ಇದ್ದರೆ ಹದಿನಾರರ ಎಣಿಕೆಯ ವಿಳಾಸ) ಇಟ್ಟಿತ್ತು. ನಾನು $00ಗೆ ಯಾರು ಬರೆದರೂ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಹಾಕಿದೆ. ಪ್ರತಿ ಸಲ ನಿಂತಾಗ ಬರೆದದ್ದು ಯಾವ ಸಾಲು ಎಂದು ಕಾಗದದಲ್ಲಿ ಗುರುತು ಮಾಡುತ್ತಾ ಹೋದೆ. ಇದು ಬೇಸರದ ಕೆಲಸ, ಆದರೆ ಇದಕ್ಕಿಂತ ನಂಬಿಕೆಯ ದಾರಿ ನನಗೆ ಗೊತ್ತಿಲ್ಲ. ಕಾಲಮ್ ಕೋಡ್ ಅಲ್ಲದೆ ಇನ್ನೊಂದು ಸಾಲೂ ಅಲ್ಲಿಗೆ ಬರೆಯುತ್ತಿತ್ತು: ಎನ್‌ಎಂಐ ಒಳಗಿಂದ ಕರೆಯುವ ಸಂಗೀತದ ಕೋಡ್. ಹೊಸ ಸ್ವರ ಶುರುವಾಗುವಾಗ ಮಾತ್ರ ಅದಕ್ಕೊಂದು ಪಾಯಿಂಟರ್ ಬೇಕು, ಅದೂ $00ರಲ್ಲೇ. ಕಾಲಮ್ ಕಟ್ಟುವುದು ಅರ್ಧದಲ್ಲಿದ್ದಾಗಲೇ ಹೊಸ ಸ್ವರ ಬಂದರೆ ಉಳಿದ ಟೈಲುಗಳು ಹಾಡಿನ ಡೇಟಾದಿಂದ ಬರುತ್ತವೆ. ಅಪರೂಪಕ್ಕೆ ಮಾತ್ರ ಆಗುತ್ತಿದ್ದದ್ದು ಅದಕ್ಕೇ. ಗೆಳೆಯ ಎನ್‌ಎಂಐ ಶುರುವಿನಲ್ಲಿ ಎ, ಎಕ್ಸ್, ವೈ ಮೂರು ರಿಜಿಸ್ಟರ್‌ಗಳನ್ನೂ ಸ್ಟ್ಯಾಕ್‌ಗೆ (ಬೆಲೆಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಹಾಕಿ ಕೊನೆಗೆ ವಾಪಸ್ ತೆಗೆಯುತ್ತಿದ್ದ, ಅದು ಸರಿಯೇ. ಆದರೆ ಝೀರೋ ಪೇಜ್ ಅದರಿಂದ ಉಳಿಯುವುದಿಲ್ಲ.

ಸಂಗೀತಕ್ಕೆ $10, $11 ಬೇರೆ ಕೊಟ್ಟೆವು. ಆಮೇಲೆ ಫೋನಿನಲ್ಲಿ ಮಾತಾಡುತ್ತಾ ಝೀರೋ ಪೇಜ್‌ನ ಪಟ್ಟಿ ಮಾಡಿದೆವು, ಯಾವ ವಿಳಾಸ ಯಾರದ್ದು, ಎನ್‌ಎಂಐ ಮುಟ್ಟಬಹುದಾ ಇಲ್ವಾ ಎಂದು. "ಇದನ್ನು ಮೊದಲೇ ಮಾಡಬಹುದಿತ್ತು" ಎಂದ ಅವನು. ಆ ಪಟ್ಟಿ ಈಗ ಕೋಡಿನ ತಲೆಯಲ್ಲೇ ಉಂಟು.

ಇದೇ ಕಾರಣಕ್ಕೆ $2006ಗೆ (ಚಿತ್ರದ ಚಿಪ್‌ಗೆ ಎಲ್ಲಿ ಬರೆಯಬೇಕು ಎಂದು ವಿಳಾಸ ಕೊಡುವ ಜಾಗ) ಬರೆಯುವ ಕೆಲಸವನ್ನೂ, ಗೇಮ್ ಓಡುತ್ತಿರುವಾಗ, ಎನ್‌ಎಂಐಗೆ ಮಾತ್ರ ಬಿಟ್ಟೆವು. ಅಲ್ಲಿ ವಿಳಾಸವನ್ನು ಎರಡು ಸಲಕ್ಕೆ ಬರೆಯಬೇಕು, ಮೇಲಿನ ಬೈಟ್ ಮೊದಲು. 6502ರ ಪಾಯಿಂಟರ್‌ನಲ್ಲಿ ಕೆಳಗಿನ ಬೈಟ್ ಮೊದಲು, ಇಲ್ಲಿ ಉಲ್ಟಾ. ಎರಡು ಬರಹದ ನಡುವೆ ಎನ್‌ಎಂಐ ನುಗ್ಗಿ $2002 (ಅದೇ ಚಿಪ್‌ನ ಸ್ಥಿತಿ ತಿಳಿಸುವ ಜಾಗ) ಓದಿದರೆ ಲೆಕ್ಕ ಮತ್ತೆ ಮೊದಲ ಬೈಟ್‌ಗೆ ಹೋಗುತ್ತದೆ, ಚಿತ್ರ ಇನ್ನೆಲ್ಲೋ ಬೀಳುತ್ತದೆ. ಈಗ ಮುಖ್ಯ ಕೋಡ್ ರ‍್ಯಾಮ್‌ನಲ್ಲಿ ಬಫರ್ (ತಾತ್ಕಾಲಿಕ ಡೇಟಾ ಜಾಗ) ತುಂಬಿಸಿ ಬಿಡುತ್ತದೆ, ಎನ್‌ಎಂಐ ಅದನ್ನು ಪರದೆಗೆ ಹಾಕುತ್ತದೆ.

ಇನ್ನು ನಿಜವಾದ ಮೆಷಿನ್‌ನಲ್ಲಿ ಆಡಿಸುವ ಆಸೆ ಇದ್ದವರಿಗೆ ಒಂದು ಮಾತು. ಎಮ್ಯುಲೇಟರ್ ಶುರುವಿನಲ್ಲಿ ರ‍್ಯಾಮ್‌ಗೆಲ್ಲ 0 ತುಂಬಿಸಿ ಕೊಟ್ಟರೆ, ಬೆಲೆ ಕೊಡದೆ ಬಿಟ್ಟ ವೇರಿಯೇಬಲ್ ಕೂಡ ಸರಿ ಇರುವಂತೆ ಕಾಣುತ್ತದೆ. ಮೆಷಿನ್‌ನಲ್ಲಿ ಕರೆಂಟ್ ಬಂದಾಗ ರ‍್ಯಾಮ್‌ನಲ್ಲಿ ಏನಿರುತ್ತದೆ ಎಂದು ನಂಬುವ ಹಾಗಿಲ್ಲ. ಮೆಸೆನ್‌ನಲ್ಲಿ ರ‍್ಯಾಮ್‌ಗೆ ಸಿಕ್ಕಿದ ಬೆಲೆ ತುಂಬಿಸಿ ಶುರು ಮಾಡುವ ಆಯ್ಕೆ ಇದೆ. ಗೆಳೆಯನ ಕಂಪ್ಯೂಟರ್‌ನಲ್ಲೂ ನನ್ನದರಲ್ಲೂ ಈಗ ಅದು ಯಾವಾಗಲೂ ಆನ್.