‘ಲಾಗಿದೆ’ಯ ಹಿಂದೆ ಯಾರಿದ್ದಾರೆ?

ಸರ್ವಾಧಿಕಾರಿಗಳು ಹೊಸ ಪದ ಹುಟ್ಟುಹಾಕುವುದು ಕಡಿಮೆ. ರಕ್ಷಣೆ, ಜನ, ದೇಶ, ಶಾಂತಿ ಎಂಬ ನಮ್ಮದೇ ಪದಗಳನ್ನು ತೆಗೆದುಕೊಂಡು, ಅವುಗಳಿಂದ ನಾಲ್ಕು ಸಂಗತಿಗಳನ್ನು ಕಳಚಿಬಿಡುತ್ತಾರೆ: ಮಾಡಿದವರು ಯಾರು, ಯಾರ ಮೇಲೆ, ಯಾವ ಕಾನೂನಿನಡಿ, ಎಷ್ಟು ದಿನ. ಆ ನಾಲ್ಕನ್ನು ಮತ್ತೆ ಪದಕ್ಕೆ ಕಟ್ಟುವುದೇ ನಮ್ಮ ಪದಗೋಷ್ಠಿಯ ಕೆಲಸ. ನಾವು ಅದನ್ನು ಮಾಡುವ ಕ್ರಮ ಹೀಗಿದೆ.

ಗೋಷ್ಠಿಗೆ 8ರಿಂದ 12 ಜನ ಸಾಕು, ಹೆಚ್ಚಾದರೆ ಭಾಷಣ ಶುರುವಾಗುತ್ತದೆ. 2 ಗಂಟೆ ಸಮಯ, ಒಂದೇ ಪದ. ಆ ಪದ ಬಂದಿರುವ 15 ವಾಕ್ಯಗಳನ್ನು ಒಬ್ಬರು ಮೊದಲೇ ಕಲೆಹಾಕಿರಬೇಕು: ಸರ್ಕಾರಿ ಆದೇಶ, ಸಚಿವರ ಹೇಳಿಕೆ, ಪತ್ರಿಕಾ ವರದಿ, ಕರಪತ್ರ ಯಾವುದಾದರೂ ಸರಿ. ತಾರೀಖು, ಹೇಳಿದವರ ಹುದ್ದೆ ಸಮೇತ ಪೂರ್ತಿ ವಾಕ್ಯವೇ ಬೇಕು. ಅವುಗಳಲ್ಲಿ ಕನಿಷ್ಠ 5 ವಾಕ್ಯ ನಾವು ಒಪ್ಪುವ ಪಕ್ಷದವರದ್ದೇ ಆಗಿರಬೇಕು. ಈ ಕಟ್ಟಳೆ ಸಡಿಲಿಸಿದ ದಿನ ಗೋಷ್ಠಿ ಬೈಗುಳದ ಸಭೆಯಾಗುತ್ತದೆ.

ಒಂದು ಮಾದರಿ ವಾಕ್ಯ ಬೋರ್ಡಿನ ಮೇಲೆ ಬರೆಯೋಣ: ‘ಸಾರ್ವಜನಿಕ ಹಿತದೃಷ್ಟಿಯಿಂದ ಇಂಟರ್ನೆಟ್ ಸೇವೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ.’ ಮೊದಲು ಕ್ರಿಯಾಪದದ ಕೆಳಗೆ ಗೆರೆ. ಕನ್ನಡದಲ್ಲಿ ‘ಲಾಗಿದೆ’, ‘ಲಾಯಿತು’ ಬಂದ ಕಡೆ ಹೆಚ್ಚಾಗಿ ಕರ್ತೃ ಕಾಣೆಯಾಗಿರುತ್ತಾನೆ. ಮನೆಯಲ್ಲಿ ಯಾರೂ ‘ಬಾಗಿಲು ಹಾಕಲಾಗಿದೆ’ ಎನ್ನುವುದಿಲ್ಲ, ‘ಅಣ್ಣ ಬಾಗಿಲು ಹಾಕಿದ’ ಎನ್ನುತ್ತೇವೆ. ಹಾಗಾಗಿ ಮೊದಲ ಪ್ರಶ್ನೆ: ನಿಲ್ಲಿಸಿದವರು ಯಾರು? ಆಮೇಲೆ ‘ಸಾರ್ವಜನಿಕ’ ಎಂದರೆ ಯಾರು, ಅವರ ಹಿತವನ್ನು ತೀರ್ಮಾನಿಸಿದವರು ಯಾರು? ‘ತಾತ್ಕಾಲಿಕ’ ಎಂದರೆ ಎಷ್ಟು ಗಂಟೆ? ಉತ್ತರ ಸಿಕ್ಕಷ್ಟನ್ನು ತುಂಬಿ ವಾಕ್ಯವನ್ನು ಹೀಗೆ ತಿರುಗಿಸಿ ಬರೆಯುತ್ತೇವೆ: ‘____ ಅಧಿಕಾರಿ ____ ಕಾನೂನಿನ ____ ಕಲಮಿನಡಿ ಇಂಟರ್ನೆಟ್ ನಿಲ್ಲಿಸಿದ್ದಾರೆ. ಯಾವಾಗ ಮರಳುತ್ತದೆಂದು ಆದೇಶದಲ್ಲಿ ಇಲ್ಲ.’ ಗೊತ್ತಿಲ್ಲದ್ದನ್ನು ಊಹಿಸಿ ತುಂಬಬಾರದು. ಖಾಲಿ ಜಾಗ ಖಾಲಿಯಾಗಿಯೇ ಕಾಣಲಿ.

ನಾಲ್ಕರಲ್ಲಿ ಅವಧಿಯ ಪ್ರಶ್ನೆಯನ್ನೇ ಜನ ಹೆಚ್ಚು ಮರೆಯುತ್ತಾರೆ. 1933ರ ಫೆಬ್ರುವರಿ 28ರಂದು ಜರ್ಮನಿಯಲ್ಲಿ ಹೊರಟ ಸುಗ್ರೀವಾಜ್ಞೆಯ ಹೆಸರಿನಲ್ಲೇ ‘ಜನ ಮತ್ತು ರಾಜ್ಯದ ರಕ್ಷಣೆ’ ಎಂದಿತ್ತು. ಮಾತು, ಪತ್ರಿಕೆ, ಸಭೆ, ಪತ್ರವ್ಯವಹಾರದ ಗುಟ್ಟು, ಇವಕ್ಕೆಲ್ಲ ಸಂವಿಧಾನ ಕೊಟ್ಟಿದ್ದ ಖಾತರಿಯನ್ನು ಅದು ‘ಮುಂದಿನ ಆದೇಶದವರೆಗೆ’ ಅಮಾನತಿನಲ್ಲಿಟ್ಟಿತು. ಆ ಮುಂದಿನ ಆದೇಶವನ್ನು ನಾಜಿ ಸರ್ಕಾರ ಕೊನೆಯವರೆಗೂ, ಅಂದರೆ 1945ರವರೆಗೂ ಹೊರಡಿಸಲಿಲ್ಲ. ವಿಚಾರಣೆಯಿಲ್ಲದೆ ಕೂಡಿಹಾಕುವುದಕ್ಕೆ ಅವರು ಬಳಸಿದ ಪದ ‘ರಕ್ಷಣಾ ಬಂಧನ’. ‘ರಕ್ಷಣೆ’ ಎಂದು ಕೇಳಿದೊಡನೆ ಯಾರನ್ನು, ಯಾರಿಂದ, ಯಾವ ತಾರೀಖಿನವರೆಗೆ ಎಂದು ಕೇಳುವ ಅಭ್ಯಾಸ ನಾಲಿಗೆಗೆ ಬರಬೇಕು.

‘ದೇಶ’ಕ್ಕೆ ಬೇರೆ ಪರೀಕ್ಷೆ ಇದೆ. ಆ ಪದ ತೆಗೆದು ‘ಈಗಿನ ಸರ್ಕಾರ’ ಎಂದು ಹಾಕಿ ಓದಿ. ‘ದೇಶವನ್ನು ಟೀಕಿಸಿದರು’ ಎಂಬುದು ‘ಈಗಿನ ಸರ್ಕಾರವನ್ನು ಟೀಕಿಸಿದರು’ ಎಂದಾದಾಗ ಅರ್ಥ ಸರಿಹೊಂದಿದರೆ, ಮೂಲ ವಾಕ್ಯ ಸುಳ್ಳು ಹೇಳುತ್ತಿತ್ತು ಎಂದೇ ಲೆಕ್ಕ.

‘ಜನ’ ಎಂಬ ಪದ ಇನ್ನೂ ಕಷ್ಟದ್ದು. ಪೂರ್ವ ಜರ್ಮನಿಯಲ್ಲಿ ಪೊಲೀಸರೂ ‘ಜನರ ಪೊಲೀಸ್’, ಸಂಸತ್ತೂ ‘ಜನರ ಸದನ’. 1989ರ ಅಕ್ಟೋಬರ್ 9ರಂದು ಲೈಪ್‌ಜಿಗ್‌ನಲ್ಲಿ ಸುಮಾರು 70,000 ಮಂದಿ ಬೀದಿಗಿಳಿದಾಗ ಕೇಳಿದ ಕೂಗು ‘ನಾವೇ ಜನ’. ಹೊಸ ಪದ ಹುಡುಕದೆ, ಸರ್ಕಾರದ ಬಾಯಲ್ಲಿದ್ದ ಪದವನ್ನೇ ಅವರು ಮರಳಿ ಪಡೆದರು. ಆದರೆ 2014ರಲ್ಲಿ ಡ್ರೆಸ್ಡೆನ್‌ನಲ್ಲಿ ಶುರುವಾದ ಪೆಗಿಡಾ ಎಂಬ ವಲಸೆ ವಿರೋಧಿ ಚಳವಳಿಯೂ ಅದೇ ಘೋಷಣೆ ಕೂಗಿತು. ‘ನಾವೂ ಜನ’ ಎಂಬುದಕ್ಕೂ ‘ನಾವಷ್ಟೇ ಜನ’ ಎಂಬುದಕ್ಕೂ ಒಂದೇ ವಾಕ್ಯ ಸಾಕಾಗುತ್ತದೆ ಎಂಬುದೇ ಇಲ್ಲಿನ ಅಪಾಯ. ಆದ್ದರಿಂದ ‘ಜನ’ ಬಂದ ವಾಕ್ಯದ ಪಕ್ಕ ‘ಇಲ್ಲಿ ಯಾರನ್ನು ಬಿಡಲಾಗಿದೆ?’ ಎಂದು ಬರೆದಿಡುತ್ತೇವೆ. (‘ಬಿಡಲಾಗಿದೆ’ ಅಲ್ಲ, ‘ಹೇಳಿದವರು ಯಾರನ್ನು ಬಿಟ್ಟಿದ್ದಾರೆ?’ ನಮ್ಮ ಕೈಯೂ ಹೀಗೆ ಜಾರುತ್ತದೆ. ಅದಕ್ಕೇ ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದಬೇಕು.)

ಕನ್ನಡದ್ದೇ ಆದ ಎರಡು ತೊಡಕುಗಳಿವೆ. ‘ಉದಾರವಾದಿ ಪ್ರಜಾಪ್ರಭುತ್ವ’ ಎಂದಾಗ ಕೇಳುಗರ ಮನಸ್ಸಿಗೆ ಬರುವುದು ಔದಾರ್ಯ, ಕೈಬಿಚ್ಚಿ ಕೊಡುವ ದೊಡ್ಡ ಮನುಷ್ಯ. ನಿಜವಾದ ಅರ್ಥ ಅದಕ್ಕೆ ಪೂರ್ತಿ ಉಲ್ಟಾ: ಗೆದ್ದವರ ಕೈಗೂ ಕಾನೂನಿನ ಕಟ್ಟು, ಸೋತವರಿಗೂ ಅದೇ ಹಕ್ಕು. ಸಭೆಯಲ್ಲಿ ಮಾತಾಡುವಾಗ ನಾವು ‘ಅಧಿಕಾರಕ್ಕೆ ಮಿತಿ ಇರುವ ಪ್ರಜಾಪ್ರಭುತ್ವ’ ಎನ್ನುತ್ತೇವೆ. ಉದ್ದವಾಯಿತು, ನಿಜ. ಆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೆಯದು ‘ಫಲಾನುಭವಿ’. ಕಾನೂನಿನಂತೆ ಸಲ್ಲಬೇಕಾದ್ದನ್ನು ಪಡೆದವರನ್ನು ಹಾಗೆ ಕರೆದರೆ, ಕೊಟ್ಟವರು ಧಣಿಗಳಾಗುತ್ತಾರೆ. ಅಲ್ಲಿ ‘ಹಕ್ಕುದಾರ’ ಎಂದು ಬರೆಯಿರಿ, ‘ಕೊಡುಗೆ’ ಇದ್ದಲ್ಲಿ ‘ಪಾವತಿ’.

ಅಧಿಕಾರದ ಮಾತನ್ನು ಅಕ್ಷರಶಃ ಹಿಡಿದು ನಿಲ್ಲುವುದು ಹಳೆಯ, ಗಟ್ಟಿ ವಿಧಾನ. 1965ರ ಡಿಸೆಂಬರ್ 5ರಂದು, ಸೋವಿಯತ್ ಸಂವಿಧಾನ ದಿನದಂದೇ, ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಸೇರಿದ ಸಣ್ಣ ಗುಂಪು ಎತ್ತಿಹಿಡಿದ ಬೇಡಿಕೆ ‘ಸೋವಿಯತ್ ಸಂವಿಧಾನವನ್ನು ಗೌರವಿಸಿ’ ಎಂಬುದು. ಚೆಕೊಸ್ಲೊವಾಕಿಯಾದಲ್ಲಿ 1977ರಲ್ಲಿ ನಾಗರಿಕರು ಸಹಿ ಹಾಕಿ ಹೊರಡಿಸಿದ ಚಾರ್ಟರ್ 77 ಎಂಬ ಹೇಳಿಕೆ ಕೂಡ ಆ ಸರ್ಕಾರ ತಾನೇ ಸಹಿ ಹಾಕಿ ಪ್ರಕಟಿಸಿದ್ದ ಮಾನವ ಹಕ್ಕುಗಳ ಒಡಂಬಡಿಕೆಗಳನ್ನೇ ಮುಂದಿಟ್ಟಿತು. ಗೋಷ್ಠಿಯ ವಾಕ್ಯಗಳನ್ನು ನಾವು ಕಾರ್ಡುಗಳಲ್ಲಿ ಬರೆದಿಡುತ್ತೇವೆ; ಪ್ರತಿ ಕಾರ್ಡಿನ ಹಿಂಬದಿಯಲ್ಲೂ ಸಂವಿಧಾನದ ಸಂಬಂಧಪಟ್ಟ ವಿಧಿಯನ್ನು ಪೂರ್ತಿಯಾಗಿ ನಕಲು ಮಾಡುತ್ತೇವೆ. ಸಾರಾಂಶ ಬರೆದರೆ ವಾದ ಸಾರಾಂಶದ ಮೇಲೆ ಹೊರಳುತ್ತದೆ.

ಹೆಚ್ಚಾಗಿ ಎಡವುವುದು ನಿರಾಕರಣೆಯಲ್ಲಿ. ‘ನಾವು ದೇಶದ್ರೋಹಿಗಳಲ್ಲ’ ಎಂದರೆ ಕೇಳಿದವರ ಕಿವಿಯಲ್ಲಿ ಉಳಿಯುವುದು ‘ದೇಶದ್ರೋಹಿ’. ಮೊದಲು ನಡೆದದ್ದನ್ನು ಹೇಳಿ, ಆರೋಪವನ್ನು ಒಂದೇ ಸಲ ಉಲ್ಲೇಖಿಸಿ, ಮತ್ತೆ ನಡೆದದ್ದಕ್ಕೇ ಬನ್ನಿ. ಚಿಲಿಯಲ್ಲಿ ಸರ್ವಾಧಿಕಾರಿ ಪಿನೋಷೆ ಅಧಿಕಾರದಲ್ಲಿ ಮುಂದುವರಿಯಬೇಕೇ ಬೇಡವೇ ಎಂಬ 1988ರ ಜನಮತಗಣನೆಗೆ ಮುಂಚೆ ಅವರ ವಿರೋಧಿಗಳಿಗೆ ಟಿವಿಯಲ್ಲಿ ಸಿಕ್ಕದ್ದು ದಿನಕ್ಕೆ 15 ನಿಮಿಷ. ಆಡಳಿತ ಹಬ್ಬಿಸಿದ ಭಯಕ್ಕೆ ಉತ್ತರ ಕೊಡುವುದರಲ್ಲೇ ಅದನ್ನು ಕಳೆಯದೆ, ‘ಸಂತೋಷ ಬರಲಿದೆ’ ಎಂಬ ತಮ್ಮದೇ ಮಾತನ್ನು ಅವರು ಊರಿದರು. ಸುಮಾರು 56 ಶೇಕಡಾ ಮತ ‘ಬೇಡ’ ಎಂದಿತು. ಮಾತೊಂದರಿಂದಲೇ ಆದದ್ದಲ್ಲ, ಮತದಾರರ ನೋಂದಣಿ ಮತ್ತು ತಮ್ಮದೇ ಪ್ರತ್ಯೇಕ ಮತ ಎಣಿಕೆ ಬೆನ್ನಿಗಿದ್ದವು.

ಇನ್ನೊಂದು ತಪ್ಪು, ಸಿಟ್ಟು ಬಂದಾಗಲೆಲ್ಲ ‘ಫ್ಯಾಸಿಸ್ಟ್’ ಎನ್ನುವುದು. ಆ ಪದ ಮೊಂಡಾದರೆ ನಿಜವಾಗಿ ಬೇಕಾದ ದಿನ ಕತ್ತರಿಸುವುದಿಲ್ಲ. ಚುನಾವಣೆ ಮುಂದೂಡಿದರೇ, ನ್ಯಾಯಾಲಯದ ಆದೇಶ ಧಿಕ್ಕರಿಸಿದರೇ, ಪತ್ರಿಕೆ ಮುಚ್ಚಿಸಿದರೇ? ಮಾಡಿದ ಕೆಲಸದ ಹೆಸರು ಹೇಳಿದರೆ ಸಾಕು.

ಪದವೇ ಅಪರಾಧವಾಗಿರುವ ಕಡೆ ಎಚ್ಚರ ಬೇರೆ. ರಷ್ಯಾ 2022ರ ಮಾರ್ಚ್ 4ರಂದು ತಂದ ಕಾನೂನಿನಲ್ಲಿ ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡಿದರೆ 15 ವರ್ಷದವರೆಗೆ ಸೆರೆ. ಅಂಥಲ್ಲಿ ಗೋಷ್ಠಿಗೆ ಹಾಜರಿ ಪುಸ್ತಕ ಇಡಬಾರದು, ಫೋನು ಹೊರಗಿರಲಿ, ಕಾರ್ಡಿನಲ್ಲಿ ಈಗಾಗಲೇ ಪ್ರಕಟವಾದ ವಾಕ್ಯ ಮಾತ್ರ ಇರಲಿ, ಬರೆದವರ ಹೆಸರು ಬೇಡ.

ಗೋಷ್ಠಿ ಮುಗಿದ ಮೇಲೆ ಖಾಲಿ ಉಳಿದ ಜಾಗಗಳನ್ನು ಬೇರೆ ಹಾಳೆಗೆ ಇಳಿಸುತ್ತೇವೆ. ಮಾಹಿತಿ ಕೇಳುವ ಕಾನೂನು ಇರುವ ಕಡೆ ಪ್ರತಿ ಖಾಲಿ ಜಾಗವೂ ಅರ್ಜಿಯ ಒಂದು ಪ್ರಶ್ನೆ: ಆದೇಶದ ಸಂಖ್ಯೆ ಯಾವುದು, ಸಹಿ ಯಾರದು, ಅವಧಿ ಎಷ್ಟು?