ಕಪ್ಪು ಮರಳಲ್ಲಿ ಡಿಟೆಕ್ಟರ್ ಕಿರುಚಾಟ: ನನಗೆ ಸರಿಹೋದ ಕ್ರಮ

ಕಂಪ್ಲಿ ಹತ್ತಿರ ತುಂಗಭದ್ರೆಯ ಮರಳುದಿಬ್ಬದಲ್ಲಿ ತಮ್ಮನ ಚಿನ್ನದ ಉಂಗುರ ಕಳೆದಿತ್ತು. ಹುಡುಕಲು ತಂದ ಮೆಟಲ್ ಡಿಟೆಕ್ಟರ್ (ಲೋಹಶೋಧಕ) ಒಣ ಮರಳಲ್ಲಿ ಸುಮ್ಮನಿರುತ್ತಿತ್ತು. ನೀರಂಚಿನ ಕಪ್ಪು ಪಟ್ಟೆಗೆ ಬಂದರೆ ಬೀಸಿದಾಗಲೆಲ್ಲ ಕಿರುಚಾಟ.

ಬ್ಯಾಟರಿ ಬದಲಿಸಿದೆ, ಮೊಬೈಲ್ ಆಫ್ ಮಾಡಿದೆ, ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ) ಕೇಬಲ್ ಬಿಗಿಯಾಗಿ ಸುತ್ತಿದೆ. ಏನೂ ಆಗಲಿಲ್ಲ. ಬೇಡದ ಲೋಹಕ್ಕೆ ಸದ್ದು ಮಾಡದಂತೆ ತಡೆಯುವ ಡಿಸ್ಕ್ರಿಮಿನೇಷನ್ ಏರಿಸಿದಾಗ ಸದ್ದೇನೋ ನಿಂತಿತು, ಆದರೆ ಪರೀಕ್ಷೆಗೆ ಹೂತಿಟ್ಟ ನನ್ನ ಉಂಗುರವೂ ಕೇಳಿಸಲಿಲ್ಲ!

ಹಳೇ ಸ್ಪೀಕರಿನ ಅಯಸ್ಕಾಂತವನ್ನು ಮರಳಲ್ಲಿ ಆಡಿಸಿದೆ. ಗಡ್ಡದಂತೆ ಕಪ್ಪು ಕಣ ಅಂಟಿದವು. ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಖನಿಜ! ತಪ್ಪು ಯಂತ್ರದ್ದಲ್ಲ, ನೆಲದ ಖನಿಜಕ್ಕೆ ಯಂತ್ರವನ್ನು ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್‌ನದು. ನಾನು ಅದನ್ನು ಒಣ ಮರಳಲ್ಲಿ ಮಾಡಿಕೊಂಡು ಬರುತ್ತಿದ್ದೆ.

ಮೊದಲು ಡಿಸ್ಕ್ರಿಮಿನೇಷನ್ ಸೊನ್ನೆ, ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) ಅರ್ಧ. ಆಮೇಲೆ ಕಪ್ಪು ಪಟ್ಟೆಯಲ್ಲೇ, ಲೋಹವಿಲ್ಲದ ಜಾಗ ನೋಡಿ, ಕಾಯಿಲನ್ನು ನೆಲದಿಂದ 3 ಸೆಂ.ಮೀ.ನಿಂದ 25 ಸೆಂ.ಮೀ.ವರೆಗೆ ಮೇಲೆ ಕೆಳಗೆ ಆಡಿಸುತ್ತಾ ಬ್ಯಾಲೆನ್ಸ್ ತಿರುಗಿಸಬೇಕು. ಏರಿದಾಗಲೂ ಇಳಿದಾಗಲೂ ಗುಂಯ್‌ ಸದ್ದು ಒಂದೇ ಆದ ಮೇಲೆ ಸೆನ್ಸಿಟಿವಿಟಿಯನ್ನು ಒಂದೊಂದೇ ಮೆಟ್ಟಿಲು ಏರಿಸಿ. ಕಿರುಚಿದರೆ ಒಂದು ಇಳಿಸಿ, ಅಲ್ಲೇ ಬಿಡಿ. ಕಾಯಿಲ್ ಎತ್ತರ ಬದಲಾಗದಂತೆ ನಿಧಾನ ಬೀಸಿ. ಒಣ ಮರಳಿನಿಂದ ಒದ್ದೆಗೆ ಹೋದರೆ ಮತ್ತೆ ಬ್ಯಾಲೆನ್ಸ್, ಸೋಮಾರಿತನ ಬೇಡ.

ಉಂಗುರ ಗೇಣುದ್ದ ಕೆಳಗೆ ಸಿಕ್ಕಿತು. ಹಳೇ ನಾಣ್ಯ ಸಿಕ್ಕರೆ ಮಾತ್ರ ಜೇಬಿಗಿಳಿಸಬೇಡಿ: 1962ರ ಕರ್ನಾಟಕ ನಿಧಿ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ತಿಳಿಸಬೇಕು.